ಕಲಾಯಿ ಸಾಹೇಬರು ಸೌಟು ಕೆಳಗಿಟ್ಟ ಮಧ್ಯಾಹ್ನ

ಅವತ್ತು ಹೊಳಲ್ಕೆರೆಯಲ್ಲಿ ನಡೆದದ್ದನ್ನು ಈವರೆಗೆ ಬಹಳ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ಬೇರೆಯಾಗಿದೆ. ಮೊದಮೊದಲು ಐವತ್ತು ಜನ ಊಟಕ್ಕೆ ಕೂತಿದ್ದರು ಎನ್ನುತ್ತಿದ್ದೆ; ಈಚೆಗೆ ಎಂಬತ್ತು ಎಂದು ಬಾಯಿಗೆ ಬರುತ್ತಿದೆ. ಎಲೆ ಹಾಕಿದ್ದು ಸಮುದಾಯ ಭವನದ ಒಳಗೆ ಎಂದು ನನ್ನ ನೆನಪು. ಅಂದು ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದ ನಿವೃತ್ತ ಪಶುವೈದ್ಯರು, ಅಲ್ಲ, ಹಿಂದುಗಡೆ ಶಾಮಿಯಾನದ ಕೆಳಗೆ ಎನ್ನುತ್ತಾರೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಾಗಾಗಿ ಅವರ ನೆನಪೇ ತಪ್ಪಿರಬೇಕು ಎಂದು ನಾನು ತಿಳಿದುಕೊಂಡಿದ್ದೇನೆ. ಅವರೂ ನನ್ನ ಬಗ್ಗೆ ಹಾಗೇ ತಿಳಿದುಕೊಂಡಿದ್ದಾರೆ, ಬೇರೆ ಕಾರಣಕ್ಕೆ. "ನೀವು ಓದಿದೋರು. ಓದಿದೋರಿಗೆ ನಡೆದಿದ್ದಷ್ಟೇ ಸಾಕಾಗಲ್ಲ" ಎಂದು ಒಮ್ಮೆ ಮುಖಕ್ಕೇ ಹೇಳಿದರು.

ಇರಬಹುದು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ. ಕಲಿತದ್ದೆಲ್ಲ ಹೋಗಿ ಒಂದು ಚಾಳಿ ಮಾತ್ರ ಉಳಿದಿದೆ: ಯಾರು ಏನು ಹೇಳಿದರೂ ಅದಕ್ಕೆ ಪುರಾವೆ ಏನು ಎಂದು ಕೇಳುವುದು. ಈ ಚಾಳಿಯಿಂದಾಗಿ ಎರಡು ಕಾಲೇಜು, ಒಂದು ಔಷಧದ ಕಾರ್ಖಾನೆ, ಒಂದು ದಿನಪತ್ರಿಕೆ, ಇಷ್ಟನ್ನೂ ಬಿಟ್ಟು ಚಿತ್ರದುರ್ಗಕ್ಕೆ ವಾಪಸು ಬಂದೆ. ಈಗ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತೇನೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಕಟ್ಟಿಕೊಂಡದ್ದು ಎಂಬುದಕ್ಕೆ ನಾನೂ ಜಾಮೀನು ನಿಲ್ಲಲಾರೆ.

ನಮ್ಮದು ತಿಂಗಳಿಗೊಮ್ಮೆ ಸೇರಿ ಊಟ ಮಾಡುವ ಸಂಘ. ಅದಕ್ಕೆ ಉದ್ದನೆಯ ಹೆಸರಿದೆ, ಲೆಟರ್‌ಹೆಡ್ ಇದೆ, ಅಂಗಿಗೆ ಚುಚ್ಚಿಕೊಳ್ಳುವ ಬ್ಯಾಡ್ಜೂ ಇದೆ. ಜನ ಕರೆಯುವುದು ಮಾತ್ರ 'ತಿಂಗಳೂಟ' ಎಂದು. ಎರಡನೇ ಭಾನುವಾರದ ಮಧ್ಯಾಹ್ನ, ಒಂದು ತಿಂಗಳು ದುರ್ಗದಲ್ಲಿ, ಇನ್ನೊಂದು ಹಿರಿಯೂರಿನಲ್ಲಿ, ಆಮೇಲೆ ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ. ವಕೀಲರು, ಮೇಷ್ಟ್ರುಗಳು, ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು ಇದ್ದಾರೆ. ಕಣ್ಣಿನ ತಪಾಸಣೆ, ಶಾಲೆಗೆ ನೀರಿನ ಫಿಲ್ಟರ್, ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚು, ಇಂಥವು ನಮ್ಮ ಸಾಧನೆಗಳು. ಪ್ರತಿ ಸಲ ಒಬ್ಬ ಅತಿಥಿ ಬಂದು ಮಾತಾಡುತ್ತಾರೆ.

ಅತಿಥಿಗೆ ಸಂಬಂಧಪಟ್ಟಂತೆ ಎರಡು ಕಟ್ಟಳೆ. ಒಂದು, ಮಾತು ಊಟಕ್ಕೆ ಮುಂಚೆ. ಉಂಡವರಿಗೆ ನಿದ್ದೆ ಬರುತ್ತದೆ, ಉಂಡ ಅತಿಥಿಗೆ ಹುರುಪು ಬರುತ್ತದೆ, ಎರಡೂ ಅಪಾಯ ಎಂದು ಸಂಘ ಕಟ್ಟಿದ ಹಿರಿಯರು ಕಂಡುಕೊಂಡಿದ್ದರು. ಇನ್ನೊಂದು, ಮಾತು ಮುಗಿದ ಮೇಲೆ ಅತಿಥಿಯೇ ಸೌಟು ಹಿಡಿದು ಮೊದಲ ಎಲೆಗೆ ಸಾರು ಬಡಿಸಬೇಕು. ಮೊದಲ ಎಲೆ ಅಂದಿನ ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರದು. ಅದು ಬಡಿಸಿದ ಮೇಲೇ ಉಳಿದವರ ಎಲೆಗೆ ಬೀಳುವುದು. ಜಿಲ್ಲೆಯ ದೊಡ್ಡ ಅಧಿಕಾರಿ ಬಂದರೂ ಬಿಡುವುದಿಲ್ಲ. ಸೆರಗಿಗೆ, ಪಂಚೆಗೆ, ಸೂಟಿಗೆ ಸಾರು ಚೆಲ್ಲಿಕೊಂಡವರನ್ನು ನಾವು ನೋಡಿದ್ದೇವೆ.

ಅತಿಥಿಗಳನ್ನು ಹುಡುಕಿ ತರುವ ಕೆಲಸ ನನ್ನದಾಯಿತು. ಎಲ್ಲ ಅತಿಥಿಗಳಿಗೂ ಅಡ್ಡಪ್ರಶ್ನೆ ಹಾಕುತ್ತಿದ್ದೆನಲ್ಲ, ಅದಕ್ಕೆ ಶಿಕ್ಷೆ. ನಾನು ಮೊದಲು ಮಾಡಿದ್ದು ಕಾರಿನಲ್ಲಿ ಬರುವವರನ್ನು ಕರೆಯುವುದನ್ನು ನಿಲ್ಲಿಸಿದ್ದು.

ತಾಳ್ಯದ ಕಡೆಯಿಂದ ಒಬ್ಬ ಕುರಿಗಾಹಿಯನ್ನು ಕರೆತಂದೆ. ಕಂಬಳಿ ಹೆಗಲ ಮೇಲೆ ಹಾಕಿಕೊಂಡೇ ನಿಂತು ಐದು ನಿಮಿಷ ಮಾತಾಡಿ ಸಾಕು ಎಂದು ಕೂತುಬಿಟ್ಟರು. ನಾನು ಬಿಡಲಿಲ್ಲ. "ಇಷ್ಟೊಂದು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತೆ? ದಿನಾ ಎಣಿಸ್ತೀರಾ?" ಎಂದೆ. ಅವರು ಕೂತಲ್ಲಿಂದಲೇ, "ನಿಮ್ಮನ್ಯಾಗೆ ಊಟಕ್ಕೆ ಕುಂತಾಗ ಒಬ್ರು ಬಂದಿಲ್ಲ ಅಂದ್ರೆ ಎಣಿಸಿ ನೋಡ್ತೀರೇನಪ್ಪ?" ಎಂದರು. ಆಮೇಲೆ ಅವರು ಸುತ್ತ ಒಮ್ಮೆ ಕಣ್ಣಾಡಿಸಿ, ನಮ್ಮಲ್ಲಿ ಅಂದು ಯಾರು ಬಂದಿರಲಿಲ್ಲ ಎಂದು ಸರಿಯಾಗಿ ಹೇಳಿದರು ಎಂದೂ ನನಗೆ ನೆನಪಿದೆ. ಆದರೆ ನಮ್ಮವರನ್ನು ಅವರು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ. ಹಾಗಾಗಿ ಅದು ನಾನು ಸೇರಿಸಿದ್ದೇ ಇರಬೇಕು.

ಬಾಗೂರಿನ ಹತ್ತಿರದಿಂದ ತೆಂಗಿನ ಮರ ಹತ್ತುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ನೆಲದ ಮೇಲೆ ನಿಂತರೆ ಮಾತು ಬರುವುದಿಲ್ಲ ಎಂದು ನಮ್ಮನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ, ಮರ ಹತ್ತಿ, ಮೇಲಿಂದ ಮಾತಾಡಿದಳು. ಗಾಳಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲ. ಆ ವರ್ಷದ ಒಳ್ಳೆಯ ಭಾಷಣ ಯಾವುದು ಎಂದು ಕೇಳಿದರೆ ಈಗಲೂ ಎಲ್ಲರೂ ಅದನ್ನೇ ಹೇಳುತ್ತಾರೆ.

ಕಲಾಯಿ ಸಾಹೇಬರು ಸಿಕ್ಕಿದ್ದು ನಮ್ಮ ಊರಿನಲ್ಲೇ, ಕೋಟೆಯ ಕೆಳಗಿನ ಹಳೇ ಪೇಟೆಯ ಓಣಿಯೊಂದರಲ್ಲಿ. ಅವರ ಮನೆತನ ಅಲ್ಲಿ ಎಷ್ಟು ತಲೆಮಾರಿನಿಂದ ಇದೆ ಎಂದು ಅವರಿಗೇ ಗೊತ್ತಿಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಕಸುಬು. ಸ್ಟೀಲು ಬಂದ ಮೇಲೆ ಅದಕ್ಕೆ ಗಿರಾಕಿ ಇಲ್ಲ. ವಾರಕ್ಕೆ ಒಂದೋ ಎರಡೋ ಪಾತ್ರೆ ಬಂದರೆ ಹೆಚ್ಚು. ಅಮ್ಮನ ಹಳೇ ಬೋಗುಣಿಯೊಂದನ್ನು ತೆಗೆದುಕೊಂಡು ಹೋಗಿದ್ದ ನಾನು ಅಭ್ಯಾಸದಂತೆ ಕೇಳಿದೆ: "ಇದು ಶುದ್ಧ ತವರ ಅನ್ನೋದಕ್ಕೆ ಏನು ಖಾತ್ರಿ ಚಾಚಾ?"

ಅವರು ಸಿಟ್ಟಾಗಲಿಲ್ಲ. ತವರದ ಕಡ್ಡಿಯೊಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಗ್ಗಿಸಿದರು. ಒಳಗಿನಿಂದ ಚರಚರ ಎಂದು ಸಣ್ಣ ಸದ್ದು ಬಂತು.

"ಕೇಳ್ರಿ, ಅಳ್ತೈತೆ. ಸೀಸ ಬೆರೆಸಿದ್ರೆ ಹಿಂಗೆ ಅಳಲ್ಲ."

ಬಗ್ಗಿಸಿದರೆ ತವರ ಸದ್ದು ಮಾಡುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕೇಳಿದ್ದು ಅದೇ ಮೊದಲು. ಅಲ್ಲೇ ತಿಂಗಳೂಟಕ್ಕೆ ಕರೆದೆ.

ಅವರು ಒಪ್ಪಲಿಲ್ಲ. "ನಮ್ಮ ಕಸುಬಿನೋರು ನಾಕು ಜನದ ಮುಂದೆ ಬಾಯಿ ಬಿಟ್ರೆ ಗಿರಾಕಿ ಕೂಗಿದಂಗೇ ಕೇಳ್ತೈತೆ ಸಾರ್. ಪಾತ್ರೆ ಕೆಟ್ಟೈತೆ ಅಂತ ಹೇಳೋನೂ ನಾನೇ, ಅದನ್ನ ರಿಪೇರಿ ಮಾಡೋನೂ ನಾನೇ. ನನ್ನ ಮಾತು ಯಾರು ನಂಬ್ತಾರೆ?"

"ಡಾಕ್ಟ್ರೂ ಅಷ್ಟೇ ಅಲ್ವಾ ಚಾಚಾ? ಕಾಯಿಲೆ ಐತೆ ಅನ್ನೋರೂ ಅವರೇ, ವಾಸಿ ಮಾಡೋರೂ ಅವರೇ."

"ಡಾಕ್ಟ್ರಿಗೆ ಬೋರ್ಡ್ ಐತೆ. ನಂಗೆ ನಾಲಿಗೆ ಒಂದೇ ಇರೋದು. ಅದು ಹೋದ್ರೆ ಎಲ್ಲಾ ಹೋತು."

ಮೂರನೇ ಸಲ ಹೋದಾಗ ಒಪ್ಪಿದರು. ಅಂಗಡಿ ಎಲ್ಲಿದೆ ಎಂದು ಪರಿಚಯದಲ್ಲಿ ಹೇಳಕೂಡದು ಎಂಬ ಷರತ್ತು ಹಾಕಿದರು. ಅದು ಹೊಳಲ್ಕೆರೆಯ ಸರದಿಯ ತಿಂಗಳು.

ಹೊಳಲ್ಕೆರೆಯ ಸರದಿ ಎಂದರೆ ನಮಗೆಲ್ಲ ನೆನಪಾಗುವುದು ಅಲ್ಲಿನ ಅಡುಗೆಯಾಕೆ. ಮದುವೆ, ನಾಮಕರಣಕ್ಕೆ ಅಡುಗೆ ಒಪ್ಪಿಕೊಳ್ಳುವ, ಐವತ್ತೈದು ದಾಟಿದ ಹೆಂಗಸು. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಅವರು ಮಾಡುವ ಹೋಳಿಗೆ ಸಾರಿಗಾಗಿ ರಾಮಗಿರಿಯಿಂದ ಸೈಕಲ್ ತುಳಿದುಕೊಂಡು ಬರುವ ಸದಸ್ಯರೊಬ್ಬರಿದ್ದರು. ಬೇಳೆ ಬಸಿದ ಕಟ್ಟಿನ ನೀರಿಗೆ ಹುಣಸೆಹುಳಿ ಮುಂದಾಗಿ ಹಾಕಿ ಬೆಳಗಿನ ಜಾವವೇ ಕುದಿಸಿ ಇಟ್ಟರೆ, ಮಧ್ಯಾಹ್ನದ ಹೊತ್ತಿಗೆ ಅದು ಹದಕ್ಕೆ ಬರುತ್ತದೆ. ಕೂತಷ್ಟೂ ರುಚಿ.

ಈ ಸಲದ ಅತಿಥಿ ಕಲಾಯಿ ಹಾಕುವವರು ಎಂದು ಅಕ್ಕನಿಗೆ ಗೊತ್ತಾಯಿತು. ಅವರ ಗೌರವಕ್ಕೆ ಸಾರಿಗೆ ಸ್ಟೀಲು, ಅಲ್ಯೂಮಿನಿಯಂ ಏನೂ ಬೇಡ, ಹಿತ್ತಾಳೆಯಲ್ಲೇ ಮಾಡೋಣ ಎಂದು ತೀರ್ಮಾನಿಸಿದರು. ಅತ್ತೆಯ ಕಾಲದ ಮೂರು ದೊಡ್ಡ ಕೊಳಗಗಳು ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದವು. ಇಳಿಸಿದರು. ತಂಗಿಯನ್ನು ಕೂರಿಸಿಕೊಂಡು ಎರಡು ದಿನ ಹುಣಸೆಹಣ್ಣು, ಇಟ್ಟಿಗೆಪುಡಿ, ಕಬ್ಬಿಣದ ನಾರು ಹಾಕಿ ಹೊರಗೂ ಒಳಗೂ ತಿಕ್ಕಿದರು. ನಾವು ಹೋಗಿ ಇಳಿದಾಗ ಕೊಳಗಗಳು ಕಲ್ಯಾಣಮಂಟಪದ ದೀಪದ ಹಾಗೆ ಹೊಳೆಯುತ್ತಿದ್ದವು. "ನೋಡ್ರಿ, ಹೆಂಗವೆ?" ಎಂದು ಅಕ್ಕ ನನಗೆ ತೋರಿಸಿದರು. ಮುಚ್ಚಳ ಮುಚ್ಚಿತ್ತು. "ಬಂಗಾರ ಇದ್ದಂಗವೆ ಅಕ್ಕಾ" ಎಂದೆ ನಾನು, ರಸಾಯನಶಾಸ್ತ್ರ ಓದಿದವನು.

ಸಾಹೇಬರ ಮಾತು ಚೆನ್ನಾಗಿ ಬಂತು. ಚೀಲದಿಂದ ಪುಟ್ಟ ಒಲೆ, ತಿದಿ, ಇದ್ದಿಲು ತೆಗೆದು ಬಾಗಿಲ ಹತ್ತಿರ ಕೂತರು. ಮೊದಲು ನಾಚಿಕೊಂಡು, ನೆಲ ನೋಡಿಕೊಂಡು ಮಾತಾಡುತ್ತಿದ್ದವರು ಕೈಗೆ ಕೆಲಸ ಬಂದ ಕೂಡಲೇ ಬೇರೆ ಮನುಷ್ಯರಾದರು. ಒಂದು ಹಿತ್ತಾಳೆ ತಟ್ಟೆ ಕಾಯಿಸಿದರು, ನವಸಾಗರದ ಪುಡಿ ಉದುರಿಸಿದರು. ಬಿಳಿ ಹೊಗೆ ಎದ್ದು ಮುಂದಿನ ಸಾಲಿನವರು ಕೆಮ್ಮಿದರು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಮ್ಮೆ ಸುತ್ತಲೂ ಒರೆಸಿದ್ದೇ ತಡ, ಹಳದಿ ತಟ್ಟೆ ಬೆಳ್ಳಿಯಾಯಿತು. ಜನ ಚಪ್ಪಾಳೆ ಹೊಡೆದರು. "ಇದು ಹೊಳಪಿಗಲ್ಲ" ಎಂದರು ಸಾಹೇಬರು. "ಹುಳಿಗೂ ತಾಮ್ರಕ್ಕೂ ಆಗಿಬರಲ್ಲ. ಇಬ್ರ ನಡುವೆ ನಿಲ್ಲೋದು ಇದು. ಜಗಳ ಬಿಡ್ಸೋನು ತೆಳ್ಳಗೇ ಇರ್ತಾನೆ, ಆದ್ರೆ ಇರಬೇಕು."

ಪಶುವೈದ್ಯರು ನನ್ನ ಕಿವಿಯಲ್ಲಿ, "ಇದಪ್ಪ ಭಾಷಣ ಅಂದ್ರೆ" ಎಂದರು.

ಎಲೆ ಹಾಕಿದರು. ಮೊದಲ ಎಲೆ ಪಶುವೈದ್ಯರದು, ಎರಡನೆಯದು ನನ್ನದು. ಕೋಸಂಬರಿ, ಪಲ್ಯ, ಹೋಳಿಗೆ, ಅನ್ನ ಬಿದ್ದವು. ಅಕ್ಕ ಸೌಟು ತೊಳೆದು ತಂದು ಸಾಹೇಬರ ಕೈಗಿಟ್ಟರು. ಇಬ್ಬರು ಹಿಡಿದು ತಂದ ಕೊಳಗವನ್ನು ನಮ್ಮ ಮುಂದೆ ಇಳಿಸಿದರು, ಮುಚ್ಚಳ ತೆಗೆದರು. ಹೋಳಿಗೆ ಸಾರಿನ ವಾಸನೆ ನನ್ನ ಮೂಗಿಗೂ ಬಂತು.

ಸಾಹೇಬರು ಬಗ್ಗಿದರು, ಸೌಟು ಒಳಗೆ ಹೋಯಿತು. ಮೇಲೆ ಬರಲಿಲ್ಲ.

ಪಶುವೈದ್ಯರು, "ಹಾಕ್ರಿ ಸಾಹೇಬ್ರೆ, ಅನ್ನ ಆರ್ತೈತೆ" ಎಂದರು.

ಸಾಹೇಬರು ಸೌಟಿನಿಂದ ಸಾರನ್ನು ಒಂದು ಕಡೆಗೆ ಸರಿಸಿ ಕೊಳಗದ ಒಳಗೋಡೆಯನ್ನು ನೋಡುತ್ತಿದ್ದರು. ಸಾರಿನ ಮಟ್ಟಕ್ಕಿಂತ ಮೇಲೆ ನಾಲ್ಕು ಬೆರಳಗಲದ ಜಾಗ ಹಳದಿಯಾಗಿ ಫಳಫಳ ಎನ್ನುತ್ತಿತ್ತು. ಅರ್ಧ ಗಂಟೆಯ ಹಿಂದೆ ನಮಗೆಲ್ಲ ತೋರಿಸಿದ್ದರಲ್ಲ, ಕಲಾಯಿ ಇರುವ ಪಾತ್ರೆ ಒಳಗೆ ಬೆಳ್ಳಗಿರಬೇಕು. ಉಳಿದಿದ್ದ ಚೂರುಪಾರು ತವರವನ್ನೂ ಆ ಎರಡು ದಿನದ ತಿಕ್ಕಾಟ ತೆಗೆದುಹಾಕಿತ್ತು. ಅವರ ಗೌರವಕ್ಕೆಂದು ಮಾಡಿದ ಕೆಲಸವೇ ಅದನ್ನು ಮಾಡಿತ್ತು.

ಅವರು ಸೌಟನ್ನು ನಿಧಾನವಾಗಿ ತಟ್ಟೆಯ ಮೇಲಿಟ್ಟು ಅಕ್ಕನ ಹತ್ತಿರ ಹೋದರು. ಮೆಲ್ಲಗೆ ಮಾತಾಡಿದರು, ನಾನು ಪಕ್ಕದಲ್ಲೇ ಇದ್ದುದರಿಂದ ಕೇಳಿಸಿತು.

"ಅಕ್ಕಾ, ಈ ಸಾರು ಎಷ್ಟೊತ್ತಿಗೆ ಮಾಡಿದ್ದು?"

"ಬೆಳಗ್ಗೆ ಐದಕ್ಕೇ ಒಲೆ ಹಚ್ಚಿದ್ವಿ. ಯಾಕ್ರಿ?"

"ಅವಾಗಿಂದ ಇದ್ರಾಗೇ ಐತಾ?"

"ಇದ್ರಾಗೇ ಮತ್ತೆ! ನಿಮಗೋಸ್ಕರ ಅಂತಾನೇ ಅಟ್ಟದಿಂದ ಇಳಿಸಿದ್ದು. ತೋಳು ಇನ್ನೂ ನೋಯ್ತಾವೆ."

ಆಗ ಸಾಹೇಬರ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದು ನಂಬಿದ್ದೇನೆ. ಅವರು ಸುಮ್ಮನೆ ಬಡಿಸಬಹುದಿತ್ತು. ಎರಡು ಸೌಟು ಸಾರಿನಿಂದ ಯಾರೂ ಸಾಯುತ್ತಿರಲಿಲ್ಲ. ನಾಲ್ಕಾರು ಜನಕ್ಕೆ ವಾಂತಿ, ಹೊಟ್ಟೆ ಮುರಿತ ಬಂದು, ಹೋಳಿಗೆ ಜಾಸ್ತಿ ತಿಂದದ್ದಕ್ಕೆ ಎಂದು ಮನೆಯವರು ಬೈಯುತ್ತಿದ್ದರು. ಬಾಯಿ ಬಿಟ್ಟರೆ ಅಕ್ಕನ ಹೆಸರು ಹೋಗುತ್ತದೆ. ಅದಕ್ಕಿಂತ ಮುಂಚೆ ಸಾಹೇಬರ ನಾಲಿಗೆ ಹೋಗುತ್ತದೆ. ಕಲಾಯಿಯವನು ಪಾತ್ರೆ ಕೆಟ್ಟಿದೆ ಎಂದರೆ ಯಾರು ನಂಬುತ್ತಾರೆ?

ಅವರು ಪಂಕ್ತಿಯ ಕಡೆ ತಿರುಗಿ ಕೈ ಮುಗಿದರು. "ದಯವಿಟ್ಟು ಸಾರು ಬಡಿಸ್ಬ್ಯಾಡ್ರಿ. ಪಾತ್ರೆಗೆ ಕಲಾಯಿ ಇಲ್ಲ. ಅಕ್ಕಂದೇನೂ ತಪ್ಪಿಲ್ಲ, ಇಷ್ಟು ಚೆಂದ ತಿಕ್ಕೋರು ಈಗ ಯಾರವ್ರೆ? ಆದ್ರೆ ಈ ಸಾರು ಉಣ್ಣಬ್ಯಾಡ್ರಿ."

ಎದುರು ಸಾಲಿನಿಂದ ಹೊಸದುರ್ಗದ ಗೊಬ್ಬರದ ಅಂಗಡಿಯವರು ಗಟ್ಟಿಯಾಗಿ ಅಂದರು: "ಭಾಷಣ ಮುಗೀತಪ್ಪ, ಇನ್ನು ವ್ಯಾಪಾರ ಶುರು!"

ನಕ್ಕರು. ಎಲ್ಲರೂ ನಕ್ಕರು. ಆ ಮನುಷ್ಯ ಕೆಟ್ಟವರಲ್ಲ. ಹಸಿದಿದ್ದರು, ಮತ್ತು ಎಲ್ಲ ಸಭೆಗಳಲ್ಲೂ ನಗಿಸುವುದು ತಮ್ಮ ಕೆಲಸ ಎಂದು ಒಪ್ಪಿಕೊಂಡಿದ್ದವರು. "ನಮ್ಮಜ್ಜಿ ಇಂಥಾ ಕೊಳಗದಾಗೇ ಉಂಡು ತೊಂಬತ್ತು ವರ್ಷ ಬದುಕಿದ್ಲು ಸಾಹೇಬ್ರೆ" ಎಂದು ಇನ್ನೊಂದು ಸೇರಿಸಿದರು.

"ನಿಮ್ಮಜ್ಜಿ ವರ್ಷಕ್ಕೆರಡು ಸಲ ನಮ್ಮಂಥೋರನ್ನ ಕರ್ಸಿ ಕಲಾಯಿ ಹಾಕ್ಸಿರ್ತಾರೆ ಸ್ವಾಮಿ" ಎಂದರು ಸಾಹೇಬರು.

"ನೋಡ್ರಿ, ನೋಡ್ರಿ, ಮತ್ತೆ ಗಿರಾಕಿ!"

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. "ಮೂವತ್ತು ವರ್ಷದಿಂದ ಸೌಟು ಹಿಡಿದೀನಿ. ನನ್ನ ಸಾರು ಉಂಡು ಒಬ್ರಿಗೆ ತಲೆನೋವು ಬಂದೈತಾ ಕೇಳ್ರಿ" ಎಂದರು.

ಇಲ್ಲಿ ನಾನು ಎದ್ದು ನಿಂತೆ. ಏನು ಹೇಳಬೇಕಿತ್ತು ಎಂದು ನನಗೆ ಗೊತ್ತು: ಹುಣಸೆಯ ಆಮ್ಲ ಹಿತ್ತಾಳೆಯಲ್ಲಿರುವ ತಾಮ್ರವನ್ನು ಕರಗಿಸುತ್ತದೆ, ಎಂಟು ಗಂಟೆ ಬಹಳ ಹೊತ್ತು, ಇವರು ಹೇಳುವುದು ನಿಜ. ಅದನ್ನು ಹೇಳುವ ಓದು ನನಗಿತ್ತು. ಹೇಳಲಿಲ್ಲ. ನನ್ನ ಬಾಯಿಂದ ಬಂದದ್ದು ಹಳೇ ಮಾತು. "ಚಾಚಾ, ಇದಕ್ಕೆ ಪುರಾವೆ ತೋರಿಸೋಕೆ ಆಗುತ್ತಾ?" ಅವರಿಗೆ ಸಹಾಯವಾಗಲಿ ಎಂದು ಮೃದುವಾಗಿ ಕೇಳಿದೆ ಎಂದು ನನ್ನ ನೆನಪು. ಕಳ್ಳನನ್ನು ಪೊಲೀಸರು ಕೇಳಿದ ಹಾಗೆ ಕೇಳಿದೆ ಎಂದು ಪಶುವೈದ್ಯರ ನೆನಪು.

ಸಾಹೇಬರು ನನ್ನನ್ನು ನೋಡಿದರು. "ಆಗ್ತೈತೆ ಸಾರ್. ನನ್ನ ಮಾತು ನಂಬಬ್ಯಾಡ್ರಿ. ಕುಂತ್ಕಳ್ರಿ, ಕಣ್ಣಾಗೆ ನೋಡಾಣ."

ಚೀಲದಿಂದ ಒಂದು ಕಬ್ಬಿಣದ ಮೊಳೆ ತೆಗೆದರು, ಬೆರಳುದ್ದದ್ದು. ಸ್ಯಾಂಡ್‌ಪೇಪರಿನಿಂದ ಬೆಳ್ಳಗಾಗುವ ತನಕ ತಿಕ್ಕಿ ಎಲ್ಲರಿಗೂ ತೋರಿಸಿದರು. ಸ್ಟೀಲ್ ಲೋಟಕ್ಕೆ ತಿಳಿಸಾರು ಬಸಿದು ಅದರಲ್ಲಿ ಮೊಳೆ ಇಳಿಬಿಟ್ಟು ಲೋಟವನ್ನು ಪಶುವೈದ್ಯರ ಎಲೆಯ ಮುಂದಿಟ್ಟರು. "ಕಾಲು ಗಂಟೆ ಕೊಡ್ರಿ. ಸಾರಿನಾಗೆ ತಾಮ್ರ ಇಳಿದಿದ್ರೆ ಮೊಳೆ ಮ್ಯಾಲೆ ಕೆಂಪಗೆ ಕೂರ್ತೈತೆ. ಏನೂ ಆಗದಿದ್ರೆ ಮೊದಲನೇ ಸೌಟು ನಾನೇ ಉಣ್ತೀನಿ, ಅಕ್ಕನ ಕಾಲು ಮುಟ್ತೀನಿ."

ಬಡಿಸಿದ ಎಲೆಗಳ ಮುಂದೆ ಕೂತು ಅಷ್ಟೂ ಜನ ಒಂದು ಮೊಳೆಗೆ ಕಾದೆವು. ಅನ್ನದ ಹಬೆ ನಿಂತುಹೋಯಿತು. ಯಾರೋ ಹಪ್ಪಳ ಮುರಿದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. "ಲೇ, ತಡಿಯೋ, ಹಪ್ಪಳಕ್ಕೂ ಮೊಳೆ ಹಾಕ್ತಾರೆ" ಎಂದು ಗೊಬ್ಬರದ ಅಂಗಡಿಯವರು ಪಕ್ಕದವರನ್ನು ಗದರಿದರು. ಈ ಸಲ ನಗು ಅಷ್ಟಾಗಿ ಬರಲಿಲ್ಲ. ಅಕ್ಕ ಕಂಬಕ್ಕೆ ಒರಗಿ ಲೋಟವನ್ನೇ ನೋಡುತ್ತಿದ್ದರು. ಸಾಹೇಬರು ಲೋಟದ ಕಡೆ ಒಮ್ಮೆಯೂ ನೋಡಲಿಲ್ಲ. ತಮ್ಮ ಒಲೆಯ ಇದ್ದಿಲನ್ನು ಆರಿಸಿ, ತಿದಿಯನ್ನು ಮಡಚಿ, ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಅವರಿಗೆ ಫಲಿತಾಂಶ ಗೊತ್ತಿತ್ತು. ನಾನು ಎಷ್ಟೋ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದ್ದೇನೆ, ಅಂಥ ನೆಮ್ಮದಿ ನನಗೆ ಒಮ್ಮೆಯೂ ಬಂದಿಲ್ಲ.

ಪಶುವೈದ್ಯರೇ ಮೊಳೆ ಎತ್ತಿದರು. ನೀರಿನಲ್ಲಿ ಅದ್ದಿ ಬೆಳಕಿಗೆ ಹಿಡಿದರು. ನನ್ನ ನೆನಪಿನಲ್ಲಿ ಅದು ಹೊಸ ತಾಮ್ರದ ತಂತಿಯಂತೆ ಕೆಂಪಗಿದೆ. ಅಷ್ಟು ಕೆಂಪಗಾಗಿರಲಾರದು ಎಂದು ನನ್ನ ಓದು ಹೇಳುತ್ತದೆ. ಕಾಲು ಗಂಟೆಯಲ್ಲಿ ಕಬ್ಬಿಣದ ಮೇಲೆ ಕೂರುವುದು ಬಹಳ ತೆಳುವಾದ ತಾಮ್ರದ ಪೊರೆ, ಒಂದು ಕಂದುಗೆಂಪು ಛಾಯೆ ಅಷ್ಟೇ. ಆದರೆ ಕೆಂಪಂತೂ ಇತ್ತು. ಮೊಳೆ ಕೈಯಿಂದ ಕೈಗೆ ಹೋಯಿತು. ಗೊಬ್ಬರದ ಅಂಗಡಿಯವರು ಅದನ್ನು ಉಗುರಿನಿಂದ ಕೆರೆದು, ಮತ್ತೆ ನೋಡಿ, ಪಕ್ಕಕ್ಕೆ ಕೊಟ್ಟರು.

ಅಕ್ಕ ಮೊಳೆಯನ್ನು ಮುಟ್ಟಲಿಲ್ಲ. ನೇರವಾಗಿ ಬಂದು ಕೊಳಗದ ಒಂದು ಕಿವಿ ಹಿಡಿದರು, ತಂಗಿಗೆ ಇನ್ನೊಂದು ಹಿಡಿಯಲು ಹೇಳಿದರು. ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದರು. ಒಂದಾದ ಮೇಲೆ ಒಂದು, ಮೂರನ್ನೂ. ಬೆಳಗಿನ ಐದರಿಂದ ಮಾಡಿದ ಸಾರು ಮಣ್ಣಿಗೆ ಬೀಳುವ ಸದ್ದು ಕೇಳುತ್ತಾ ನಾವು ತಲೆ ಬಗ್ಗಿಸಿಕೊಂಡು ಕೂತಿದ್ದೆವು. ಒಳಗೆ ಬಂದವರು ಕಣ್ಣೊರೆಸಿಕೊಂಡು, "ಹಾಲು ಐತೆ, ತುಪ್ಪ ಐತೆ, ಸ್ಟೀಲ್ ಪಾತ್ರ್ಯಾಗೆ ಮಜ್ಜಿಗೆ ಐತೆ. ಹೋಳಿಗೆ ಉಣ್ರಿ, ಯಾರೂ ಉಪವಾಸ ಏಳಬ್ಯಾಡ್ರಿ" ಎಂದರು. ಸಾಹೇಬರು ಹಾಲಿನ ಸೌಟು ಹಿಡಿದು ಮೊದಲ ಎಲೆಯ ಹೋಳಿಗೆಗೆ ಬಡಿಸಿದರು. ಕಟ್ಟಳೆ ತಪ್ಪಲಿಲ್ಲ.

ಊಟ ಮುಗಿದು ಶಾಲು ಹೊದಿಸುವ ಹೊತ್ತಿಗೆ ಗೊಬ್ಬರದ ಅಂಗಡಿಯವರು ತಾವಾಗಿಯೇ ಎದ್ದು ಬಂದರು. "ತಪ್ಪಾತು ಸಾಹೇಬ್ರೆ. ನಿಮ್ಮ ಮಾತು ನಿಜ. ಈ ಮೂರೂ ಕೊಳಗ ನೀವೇ ತಗಂಡೋಗಿ ಕಲಾಯಿ ಹಾಕಿಬಿಡ್ರಿ, ನಾನು ಆಟೋ ಮಾಡಿಸ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಕ್ಕನೂ ತಲೆ ಆಡಿಸಿದರು.

"ನಾನು ಮುಟ್ಟಲ್ಲ" ಎಂದರು ಸಾಹೇಬರು.

ಅಕ್ಕನ ಮುಖ ಬಾಡಿತು. "ಸಿಟ್ಟಾ ನನ್ನ ಮ್ಯಾಲೆ?"

"ಅಯ್ಯೋ ಇಲ್ಲ ಅಕ್ಕಾ. ಬೇರೆ ಯಾರತ್ರನಾದ್ರೂ ಹಾಕ್ಸ್ರಿ. ಆದ್ರೆ ಹಾಕ್ಸ್ರಿ."

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾನು, "ಕ್ಷಮಿಸಿ ಚಾಚಾ. ನಾನು ಹಾಗೆ ಕೇಳಬಾರದಿತ್ತು" ಎಂದೆ.

"ಕೇಳಿದ್ದೇ ಒಳ್ಳೇದಾತು. ನೀವು ನಂಬ್ತೀನಿ ಅಂದಿದ್ರೆ ನಿಮ್ಮ ಮಾತಿಗೆ ಅವ್ರು ನಂಬ್ತಿದ್ರು. ಈಗ ಮೊಳೆ ನೋಡಿ ನಂಬಿದ್ರು."

"ಕೊಳಗ ಯಾಕೆ ಬೇಡ ಅಂದ್ರಿ? ಈಗ ಯಾರೂ ಅನುಮಾನ ಪಡ್ತಿರಲಿಲ್ಲವಲ್ಲ."

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಇವತ್ತು ಪಡಲ್ಲ. ನಾಳೆ ಇನ್ನೊಂದು ಮನ್ಯಾಗೆ, ಈ ಪಾತ್ರ್ಯಾಗೆ ಉಣ್ಣಬ್ಯಾಡ್ರಿ ಅಂತ ಹೇಳ್ಬೇಕಾಗ್ತೈತೆ. ಅವಾಗ ಅವ್ರು, ಹೊಳಲ್ಕೆರ್‍ಯಾಗೂ ಹಿಂಗೇ ಹೇಳಿ ಮೂರು ಕೊಳಗ ಹೊಡ್ಕಂಡ ಅಂತಾರೆ. ಯಾರೂ ಕೇಳದೆ ನಾನೇ ಬಾಯಿ ಬಿಟ್ಟು ಕೆಟ್ಟೈತೆ ಅಂತ ಹೇಳಿದ ಪಾತ್ರೆ ನನಗೆ ಹರಾಮ್. ನಮ್ಮಪ್ಪನ ಕಾಲದಿಂದ ಹಂಗೇ."

ನನಗೆ ಬಹಳ ಹಿಡಿಸಿತು. ಹಿಡಿಸಿದ್ದರಿಂದಲೇ ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಇಷ್ಟು ವರ್ಷ ಅತಿಥಿಗಳನ್ನು ಕರೆತಂದು ನಾನು ಕಲಿತದ್ದೆಂದರೆ, ಕಾರಿನಲ್ಲಿ ಹೇಳುವ ಮಾತು ವೇದಿಕೆಯ ಮೇಲಿನ ಮಾತಿಗಿಂತ ಚೆನ್ನಾಗಿರುತ್ತದೆ, ಅದನ್ನು ಪರೀಕ್ಷಿಸುವವರು ಯಾರೂ ಇರುವುದಿಲ್ಲ. ವಾರಕ್ಕೆ ಒಂದು ಪಾತ್ರೆ ಬರುವ ಮನುಷ್ಯ ಬಾಗಿಲಿಗೆ ಬಂದ ಮೂರು ದೊಡ್ಡ ಕೊಳಗಗಳನ್ನು ವಾಪಸು ಕಳಿಸುತ್ತಾನೆಯೇ? ಸಭೆಯಲ್ಲಿ ಬೇಡ ಎಂದು, ಮುಂದಿನ ವಾರ ಸದ್ದಿಲ್ಲದೆ ಮಾಡಿಕೊಟ್ಟಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. ಅವರನ್ನೇ ಕೇಳಲು ನಾಚಿಕೆಯಾಯಿತು. ಅಕ್ಕನನ್ನು ಫೋನಿನಲ್ಲಿ ಕೇಳಿದರೆ, "ಕಲಾಯಿ ಹಾಕಿಸ್ಕಂಡು ಬಂದೀನಿ, ಹಾಲಿನಂಗವೆ, ಬರ್ರಿ ಊಟಕ್ಕೆ" ಎಂದರು. ಯಾರ ಹತ್ತಿರ ಎಂದು ಕೇಳುವಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಕರೆದರು.

ಮುಂದೆ ಹಿರಿಯೂರಿನ ಸರದಿ ಬಂದಾಗ ಅತಿಥಿಯೊಬ್ಬರನ್ನು ಒಪ್ಪಿಸಲು ಅಲ್ಲಿಗೆ ಹೋಗಿದ್ದೆ. ಕ್ರೀಡಾಂಗಣವಿಲ್ಲದೆ ಓಟ ಕಲಿಸುವ ಮೇಷ್ಟ್ರು ಅವರು. ಕೆಲಸ ಮುಗಿದು ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಊರಿನಲ್ಲೂ ಕಲಾಯಿ ಹಾಕುವವರು ಇದ್ದಾರಾ ಎಂದು ವಿಚಾರಿಸಿದೆ. ಸಂತೆ ಮೈದಾನದ ಹಿಂದೆ ಒಬ್ಬರೇ ಉಳಿದಿದ್ದಾರೆ ಎಂದರು. ಹೋದೆ. ನನಗಿಂತ ಚಿಕ್ಕ ವಯಸ್ಸಿನವರು, ಕೈಯೆಲ್ಲ ಮಸಿ. ಹೊಳಲ್ಕೆರೆಯಿಂದ ಮೂರು ಹಿತ್ತಾಳೆ ಕೊಳಗ ಏನಾದರೂ ಬಂದಿದ್ದವೇ ಎಂದು ಕೇಳಿದೆ.

"ಬಂದಿದ್ವು. ಒಬ್ಬ ಅಮ್ಮ ತಂದಿದ್ರು, ಆಟೋದಾಗೆ. ಮೊದಲು ದುರ್ಗಕ್ಕೆ ಹೋಗಿದ್ರಂತೆ, ಅಲ್ಲಿ ದೊಡ್ಡೋರು ಆಟೋದಿಂದ ಇಳಿಸೋಕೂ ಬಿಡ್ಲಿಲ್ವಂತೆ. ಚೀಟಿ ಬರೆದು ಇಲ್ಲಿಗೆ ಕಳ್ಸಿದ್ರು. ಯಾಕೆ ಸಾರ್, ಏನಾರ ತೊಂದ್ರೆ ಆತಾ?"

"ಇಲ್ಲ, ಇಲ್ಲ. ಚೀಟಿ ಐತಾ?"

ಗೋಡೆಯ ತಂತಿಗೆ ಚುಚ್ಚಿದ್ದ ಕಾಗದಗಳನ್ನು ಹುಡುಕಿ ಒಂದನ್ನು ತೆಗೆದುಕೊಟ್ಟರು. ಉರ್ದುವಿನಲ್ಲಿತ್ತು. ಅವರು ಓದಿ ಹೇಳಿದರು. ನಾನು ಫೋಟೊ ತೆಗೆದುಕೊಂಡೆ. ಆ ಮನುಷ್ಯರ ಮೇಲೆ ಅನುಮಾನದಿಂದಲ್ಲ, ನನ್ನ ಚಾಳಿಯಿಂದ. ಮರುದಿನ ದುರ್ಗದಲ್ಲಿ, ಈ ವಿಷಯ ಏನೂ ಗೊತ್ತಿಲ್ಲದ ಉರ್ದು ಶಾಲೆಯ ಮೇಷ್ಟ್ರಿಗೆ ತೋರಿಸಿ, ಇದರಲ್ಲಿ ಏನಿದೆ ಎಂದು ಮಾತ್ರ ಕೇಳಿದೆ. ಕನ್ನಡಕ ಹಾಕಿಕೊಂಡು ಅವರು ಓದಿ ಹೇಳಿದ್ದು ಇಷ್ಟು: ಹೊಳಲ್ಕೆರೆಯ ಅಕ್ಕನ ಮೂರು ಕೊಳಗ ಕಳಿಸಿದ್ದೇನೆ. ಒಳಗೆ ತವರ ಒಂದು ಚೂರೂ ಉಳಿದಿಲ್ಲ. ಎರಡು ಸಲ ಬಳಿ, ಕಡಿಮೆ ಮಾಡಬೇಡ. ನಾನು ಮುಟ್ಟಿಲ್ಲ.